ಅತ್ತೆಯ ನೆಟ್ಟ ನೋಟ

ನಮ್ಮ ಮನೆಯಲ್ಲಿ ಬೆಳಗಿನ ಲಿಂಗಪೂಜೆಗೆ ಮೊದಲು ಕೂರುವವರು ಅತ್ತೆ, ಮೊದಲು ಏಳುವವಳು ನಾನು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಳ್ಳಬೇಕು. ಅದರ ಕಪ್ಪು ಮೈ ಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ಬೀಳುತ್ತದೆ. ಆ ಚುಕ್ಕಿಯಲ್ಲಿ ನೋಟ ನೆಟ್ಟು, ರೆಪ್ಪೆ ಬಡಿಯದೆ ಕೂರಬೇಕು. ಹೇಳಲಿಕ್ಕೆ ಇಷ್ಟೇ. ಕೂತವರಿಗೆ ಗೊತ್ತು ಅದರ ಪಾಡು. ಸ್ವಲ್ಪ ಹೊತ್ತಿಗೇ ಕಣ್ಣು ಉರಿಯುತ್ತದೆ, ನೀರು ತುಂಬಿಕೊಳ್ಳುತ್ತದೆ, ಚುಕ್ಕಿ ಎರಡಾಗುತ್ತದೆ, ರೆಪ್ಪೆ ತಾನಾಗಿ ಬಿದ್ದುಬಿಡುತ್ತದೆ. ನನಗಂತೂ ಅಷ್ಟರೊಳಗೆ ಕುಕ್ಕರ್ ಎಷ್ಟು ಸಲ ಕೂಗಿತು ಎಂಬ ಚಿಂತೆ ಹತ್ತಿಕೊಂಡಿರುತ್ತದೆ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದು ಅಡುಗೆಮನೆಗೆ ಓಡುತ್ತೇನೆ.

ನಾವಿರುವುದು ಪದ್ಮನಾಭನಗರದಲ್ಲಿ. ನಾನು ಮನೆಯಿಂದಲೇ ಊಟದ ಡಬ್ಬಿ ಕಳಿಸುತ್ತೇನೆ. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಆಫೀಸುಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ, ಜಯನಗರದ ಒಂದೆರಡು ಅಂಗಡಿಯವರಿಗೆ. ಹನ್ನೊಂದರೊಳಗೆ ಡಬ್ಬಿ ಗೇಟು ದಾಟಬೇಕು. ಹಾಗಾಗಿ ನನ್ನ ಭಕ್ತಿಯೂ ಗಡಿಯಾರ ನೋಡಿಕೊಂಡೇ ನಡೆಯುತ್ತಿತ್ತು. ಅತ್ತೆಯದು ಹಾಗಲ್ಲ. ಗಂಡ ತೀರಿಕೊಂಡ ದಿನ ಬಿಟ್ಟರೆ ಪೂಜೆ ತಪ್ಪಿಸಿದವರಲ್ಲ ಅವರು. ಸಕ್ಕರೆ ಕಾಯಿಲೆ ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಬಂದಿತ್ತು. ಮನೆಯ ಹಿರಿಯ ಸೊಸೆ ಅದೇ ಎಂದು ನಾನು ರೇಗಿಸುತ್ತಿದ್ದೆ.

ಆಗೆಲ್ಲ ಅತ್ತೆಯೂ ಪೂಜೆಯಲ್ಲಿ ನಮ್ಮಂತೆಯೇ ರೆಪ್ಪೆ ಬಡಿಯುತ್ತಿದ್ದರು. ಕಣ್ಣೀರು ಕೆನ್ನೆಗಿಳಿದರೆ ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಟ ನೆಡುತ್ತಿದ್ದರು.

"ಏನತ್ತೆ, ಶಿವನಿಗೂ ನಿಮಗೂ ದಿನಾ ಜಗಳಾನಾ? ಹಿಂಗೆ ಅಳ್ತೀರಲ್ಲ" ಎಂದರೆ, "ನಿನ್ನ ಬಾಯಿಗಿಷ್ಟು ಬೆಂಕಿ ಹಾಕ. ಸುಮ್ನೆ ಕೂತ್ಕೊಳೆ" ಎಂದು ಬೈಯುತ್ತಿದ್ದರು. ಬೈದು ಮುಗಿಸುವಷ್ಟರಲ್ಲಿ ಅವರಿಗೇ ನಗು ಬರುತ್ತಿತ್ತು.

ಮೂರ್ನಾಲ್ಕು ವರ್ಷದ ಹಿಂದೆ ಅದು ಬದಲಾಯಿತು. ಮೊದಲು ಗಮನಿಸಿದವಳು ನಾನೇ. ಒಂದು ಬೆಳಿಗ್ಗೆ ಎದ್ದು ಹೋಗಿ, ಪಲ್ಯಕ್ಕೆ ಒಗ್ಗರಣೆ ಹಾಕಿ ಬಂದು ನೋಡಿದರೆ ಅತ್ತೆ ಕೂತ ಭಂಗಿ ಬದಲಾಗಿರಲಿಲ್ಲ. ಕಣ್ಣು ತೆರೆದೇ ಇತ್ತು. ಬಾಗಿಲಲ್ಲಿ ನಿಂತು ನೋಡಿದೆ. ರೆಪ್ಪೆ ಅಲುಗಲಿಲ್ಲ. ನೀರಿಲ್ಲ, ಕೆಂಪಿಲ್ಲ, ಹುಬ್ಬು ಗಂಟಿಕ್ಕಿಲ್ಲ. ನನಗೆ ಕಾದು ಕಾದು ಸಾಕಾಗಿ ನಾನೇ ನಾಲ್ಕಾರು ಸಲ ರೆಪ್ಪೆ ಬಡಿದೆ. ಅವರು ಬಡಿಯಲಿಲ್ಲ.

ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಮ್ಮ ಇಷ್ಟು ವರ್ಷದಿಂದ ಕೂತಿದ್ದಾರೆ. ಒಂದಲ್ಲ ಒಂದು ದಿನ ಸಿದ್ಧಿಸಬೇಕಲ್ವಾ" ಎಂದರು. ಅವರ ಮಾತು ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಶುರುವಾಯಿತು.

ಯಾವುದನ್ನೂ ಬೇಗ ನಂಬುವವಳಲ್ಲ ನಾನು. ಜ್ಯೋತಿಷಿ, ಹರಕೆ, ಕಣಿ ಎಂದರೆ ಮೂಗು ಮುರಿಯುವ ಜಾತಿ. ಆದರೆ ಇದನ್ನು ನಂಬಿದೆ, ಏಕೆಂದರೆ ಇದು ಕಣ್ಣೆದುರಿಗೇ ಇತ್ತು. ದಿನಾ ಜೊತೆಯಲ್ಲಿ ಉಂಡು ಜಗಳವಾಡುವ ಹೆಂಗಸು, ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಸಿಂಡರಿಸುವ ಹೆಂಗಸು, ನನಗೆ ಒಂದು ಗಳಿಗೆಯೂ ಆಗದ್ದನ್ನು ಸಲೀಸಾಗಿ ಮಾಡುತ್ತಿದ್ದರು. ಅವರ ಬಗ್ಗೆ ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಹೆಮ್ಮೆಯೆನಿಸಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅದೇ ಕಾಲದಲ್ಲಿ ಇನ್ನೊಂದು ನಡೆಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಡಬ್ಬಿಗೆ ದಿನಾ ಬುಟ್ಟಿಗಟ್ಟಲೆ ಈರುಳ್ಳಿ ಹೆಚ್ಚಬೇಕು. ನಾನು ಕಣ್ಣು ಮೂಗು ಸುರಿಸಿಕೊಂಡು ಹೆಚ್ಚುತ್ತಿದ್ದೆ. ಒಂದು ದಿನ ಅತ್ತೆ ಈಳಿಗೆಮಣೆ ತಮ್ಮ ಕಡೆ ಎಳೆದುಕೊಂಡು, "ತಾ ಇಲ್ಲಿ, ನಂಗೇನೂ ಆಗಲ್ಲ" ಎಂದರು. ನಿಜಕ್ಕೂ ಆಗಲಿಲ್ಲ. ಬುಟ್ಟಿ ಮುಗಿದರೂ ಒಂದು ಹನಿ ನೀರಿಲ್ಲ. ಘಾಟಿಗೆ ನಾನು ಹಿತ್ತಿಲಿಗೆ ಓಡಿಹೋಗಿದ್ದೆ, ಅವರು ಅದರ ಮಧ್ಯೆ ಕೂತು ಟಿವಿ ಕೇಳುತ್ತಿದ್ದರು. ಅಲ್ಲಿಂದ ಈರುಳ್ಳಿ ಅವರದಾಯಿತು. "ನಮ್ಮತ್ತೆಗೆ ಈರುಳ್ಳಿನೂ ಹೆದರತ್ತೆ" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನನಗೆ ಅನುಕೂಲವಾದದ್ದನ್ನು ನಾನು ಪ್ರಶ್ನೆ ಮಾಡಲಿಲ್ಲ.

ಸೋಮವಾರ ಸಂಜೆ ನಮ್ಮ ಕಡೆಯ ಹೆಂಗಸರು ಒಬ್ಬೊಬ್ಬರ ಮನೆಯಲ್ಲಿ ಸೇರಿ ಒಟ್ಟಿಗೆ ಲಿಂಗಪೂಜೆ ಮಾಡುವ ರೂಢಿಯಿದೆ. ಬನಶಂಕರಿಯಿಂದ, ಜೆ.ಪಿ. ನಗರದಿಂದಲೂ ಬರುತ್ತಾರೆ. ಪೂಜೆ, ಆಮೇಲೆ ಕಾಫಿ, ಆಮೇಲೆ ಮನೆ ಮನೆ ಸಮಾಚಾರ. ಅಲ್ಲಿ ನಾನು ಅತ್ತೆಯ ವಿಷಯ ತೆಗೆದೆ. ಮುಂದಿನ ಸೋಮವಾರ ಎಲ್ಲರೂ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿದ ಮೇಲೂ ಅತ್ತೆ ಕೂತೇ ಇದ್ದರು. ಹೆಂಗಸರು ಸುತ್ತ ಕೂತು ನೋಡಿದರು. ಕಾಫಿ ಆರಿಹೋಯಿತು. ಕೊನೆಗೆ ಅತ್ತೆ ಕಣ್ಣು ಕೆಳಗಿಳಿಸಿದಾಗ ಇಬ್ಬರು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅತ್ತೆಗೆ ಎಷ್ಟು ಸಂಕೋಚವಾಯಿತೋ ಅಷ್ಟೇ ಸಂತೋಷವೂ ಆಯಿತು. ಅವರ ಮುಖ ನೋಡಿ ನನಗೂ ಆಯಿತು. ಅಂದಿನಿಂದ ಸೋಮವಾರ ನಮ್ಮ ಮನೆಗೇ ಗಟ್ಟಿಯಾಯಿತು. ದೀಪ ಅಲುಗದಿರಲೆಂದು ಫ್ಯಾನ್ ಆರಿಸುವುದು, ಚಾಪೆ ಸರಿಯಾಗಿ ಎದುರಿಗೆ ಹಾಸುವುದು, ಎಲ್ಲ ನನ್ನ ಉಸ್ತುವಾರಿ.

ಹಾಗೆ ಬರುತ್ತಿದ್ದವರಲ್ಲಿ ಬಿಟಿಎಂನಿಂದ ಬರುವ ಹುಬ್ಬಳ್ಳಿ ಕಡೆಯ ಒಬ್ಬ ಹೆಂಗಸೂ ಇದ್ದರು. ಗಂಡನ ಕೆಲಸದ ಸಲುವಾಗಿ ಊರು ಬಿಟ್ಟು ಬಂದವರು, ಐವತ್ತು ದಾಟಿದವರು, ಅತ್ತೆಯ ಹಾಗೆ ಸಕ್ಕರೆ ಕಾಯಿಲೆಯವರು. ಕಾಫಿ ಹೊತ್ತಿನಲ್ಲಿ ಅವರಿಬ್ಬರಿಗೆ ಮಾತ್ರ ನಾನು ಸಕ್ಕರೆಯಿಲ್ಲದ ಕಾಫಿ ತರುತ್ತಿದ್ದೆ. ಬೆಂಗಳೂರಲ್ಲಿ ತಮ್ಮವರೆಂದು ಯಾರೂ ಇಲ್ಲ ಎನ್ನುತ್ತ ಅತ್ತೆಯ ಪಕ್ಕ ಅಂಟಿಕೊಂಡು ಕೂರುತ್ತಿದ್ದರು.

ಸಕ್ಕರೆ ಕಾಯಿಲೆಯನ್ನು ನಾವು ಅಲಕ್ಷ್ಯ ಮಾಡಿದವರಲ್ಲ. ಅದೇ ಇನ್ನೂ ಚುಚ್ಚುತ್ತದೆ. ಸಕ್ಕರೆಯಿಂದ ಅತ್ತೆಯ ಪಾದದ ನರ ಜೋಮು ಹಿಡಿದಿದೆಯೆಂದು ಡಾಕ್ಟರ್ ಹೇಳಿದ ಮೇಲೆ, ಸ್ನಾನವಾದ ಕೂಡಲೇ ಬೆರಳು ಬೆರಳು ಬಿಡಿಸಿ ಗಾಯವೇನಾದರೂ ಆಗಿದೆಯೇ ಎಂದು ನೋಡುತ್ತಿದ್ದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ ಎಂದು ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಸಿದ್ದೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂದಿನ ಪರದೆಯ ಪರೀಕ್ಷೆಯನ್ನೂ ಮಾಡಿಸುತ್ತಿದ್ದೆವು. ಪರದೆ ಚೆನ್ನಾಗಿದೆ ಎಂದಿದ್ದರು. ಪಾದದಲ್ಲಿ ಸಾಯುವ ನರ ಕಣ್ಣಿನ ಮೇಲೂ ಸಾಯಬಹುದು ಎಂದು ನನಗೆ ಹೊಳೆಯಲಿಲ್ಲ. ಚುಚ್ಚಿದರೆ ಗೊತ್ತಾಗದ ಪಾದವನ್ನು ಕಾಯಿಲೆ ಎಂದೆ, ಉರಿದರೆ ಗೊತ್ತಾಗದ ಕಣ್ಣನ್ನು ಸಿದ್ಧಿ ಎಂದೆ. ಎರಡೂ ಒಂದೇ ಮೈಯಲ್ಲಿದ್ದವು, ಎರಡನ್ನೂ ನಾನೇ ದಿನಾ ನೋಡುತ್ತಿದ್ದೆ.

ಹೋದ ವರ್ಷ ಶ್ರಾವಣದ ಸುಮಾರಿಗೆ ಅತ್ತೆಯ ಎಡಗಣ್ಣು ಕೆಂಪಾಯಿತು.

"ನೋವಿದ್ಯಾ ಅತ್ತೆ?"

"ಒಂಚೂರೂ ಇಲ್ಲ."

"ಚುಚ್ಚುತ್ತಾ? ಉರಿ?"

"ಇಲ್ಲ ಅಂದ್ನಲ್ಲೇ. ನಿನ್ನ ಡಬ್ಬಿ ನೋಡ್ಕೋ ಹೋಗು."

ನೋವಿಲ್ಲ ಎಂದ ಮೇಲೆ ಏನಿರುತ್ತದೆ ಎಂದುಕೊಂಡೆ. ಶ್ರಾವಣದಲ್ಲಿ ಆರ್ಡರು ಜಾಸ್ತಿ. ಮೆಡಿಕಲ್ ಶಾಪಿನವನಿಗೆ ಹೇಳಿ ಯಾವುದೋ ಡ್ರಾಪ್ಸ್ ತಂದು ಹಾಕಿದೆ. ಆ ಸೋಮವಾರ ಅತ್ತೆ ಕೆಂಪುಗಣ್ಣಿನಲ್ಲೇ ಪೂಜೆಗೆ ಕೂತರು. ನೋಡಿದ ಹೆಂಗಸೊಬ್ಬರು, "ಯೋಗದ ಕಾವು ಇರಬೇಕು, ಕಣ್ಣಲ್ಲೇ ಕಾಣ್ತಿದೆ ನೋಡಿ" ಎಂದರು. ನಾನು ತಟ್ಟೆಯಲ್ಲಿ ಕಡಲೆಉಸಲಿ ಹಾಕುತ್ತಿದ್ದವಳು ಹೌದೆಂದು ತಲೆಯಾಡಿಸಿದೆ. ಯಾರಾದರೂ ಆಗ ನನ್ನ ಕೈಯ ಸೌಟು ಕಿತ್ತುಕೊಂಡು ತಲೆಯ ಮೇಲೆ ಕುಟ್ಟಬೇಕಿತ್ತು.

ಕೆಲವು ದಿನ ಕಳೆದು ಅತ್ತೆಯೇ ಹೇಳಿದರು, ದೀಪದ ಚುಕ್ಕಿ ಮಂಜು ಮಂಜಾಗಿ ಕಾಣುತ್ತಿದೆ ಎಂದು. ಕಿಟಕಿಯ ಹತ್ತಿರ ಕರೆದು ನೋಡಿದೆ. ಕರಿಗುಡ್ಡೆಯ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಕಲೆ. ಒಲೆ ಆರಿಸಿ, ಡಬ್ಬಿಯವರಿಗೆಲ್ಲ ಇವತ್ತು ಊಟವಿಲ್ಲ ಎಂದು ಮೆಸೇಜ್ ಹಾಕಿ, ಆಟೋ ಹಿಡಿದು ಜೆ.ಪಿ. ನಗರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹಳದಿ ಬಣ್ಣದ ಮದ್ದು ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರು. ಆಮೇಲೆ ಹತ್ತಿಯ ಒಂದು ಎಳೆಯನ್ನು ಹೊಸೆದು ಚೂಪು ಮಾಡಿಕೊಂಡು, "ಅಮ್ಮಾ, ನೇರ ನೋಡ್ತಿರಿ" ಎಂದು, ಅದರ ತುದಿಯನ್ನು ಪಕ್ಕದಿಂದ ತಂದು ಕಣ್ಣುಗುಡ್ಡೆಗೇ ತಾಗಿಸಿದರು. ನೋಡುತ್ತಿದ್ದ ನನ್ನ ಎರಡು ಕಣ್ಣೂ ತಾವಾಗಿ ಮುಚ್ಚಿದವು. ತೆರೆದು ನೋಡಿದರೆ ಅತ್ತೆ ಹಾಗೇ ಕೂತಿದ್ದಾರೆ. ಡಾಕ್ಟರ್ ಇನ್ನೊಂದು ಸಲ ತಾಗಿಸಿದರು. "ಮುಟ್ಟಿದ್ದು ಗೊತ್ತಾಯ್ತಾ ಅಮ್ಮಾ?"

"ಮುಟ್ಟಿದ್ರಾ?" ಎಂದರು ಅತ್ತೆ.

ಡಾಕ್ಟರ್ ಒಳಗಿನ ಕೋಣೆಯ ಇನ್ನೊಂದು ಯಂತ್ರದಲ್ಲಿ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು. ಕಣ್ಣಿನ ಮುಂದೆ ಗಾಜಿನಂತಿರುವ ಪದರಕ್ಕೆ ಕಾರ್ನಿಯಾ ಎನ್ನುತ್ತಾರಂತೆ. ಮೈಯಲ್ಲೆಲ್ಲ ಅತಿ ಸೂಕ್ಷ್ಮವಾದ ನರಗಳು ಒತ್ತೊತ್ತಾಗಿ ತುಂಬಿರುವ ಜಾಗಗಳಲ್ಲಿ ಅದೂ ಒಂದಂತೆ. ಸರಿಯಾಗಿರುವ ಒಂದು ಕಣ್ಣಿನ ಚಿತ್ರದಲ್ಲಿ ಅವು ಬಿಳಿ ಪಂಚೆಯ ಮೇಲೆ ಒಣಹಾಕಿದ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಹರಡಿದ್ದವು. ಅತ್ತೆಯ ಕಣ್ಣಿನಲ್ಲಿ, ಶಾವಿಗೆ ಬಾಚಿಕೊಂಡ ಮೇಲೆ ಉಳಿಯುವ ಚೂರುಗಳಿದ್ದವು.

"ಶುಗರ್ ತುಂಬಾ ವರ್ಷ ಇದ್ರೆ ಈ ನರಗಳು ಹಿಂಗೆ ಸವೆದು ಹೋಗ್ತವೆ ಮೇಡಂ. ಹಿಂದಿನ ಪರದೆ, ರೆಟಿನಾ, ಚೆನ್ನಾಗಿದ್ರೂ ಮುಂದೆ ಇದಾಗಬಹುದು. ನರ ಇಲ್ಲ ಅಂದ್ರೆ ಕಣ್ಣು ಒಣಗಿದ್ದು, ಉರಿದಿದ್ದು, ಧೂಳು ಬಿದ್ದಿದ್ದು ಯಾವುದೂ ಗೊತ್ತಾಗಲ್ಲ. ರೆಪ್ಪೆ ಬಡಿಯೋದೂ ಕಡಿಮೆ, ನೀರು ಬರೋದೂ ಕಡಿಮೆ. ಸಣ್ಣ ಗೀರು ಬಿದ್ರೂ ಮಾಯೋದಿಲ್ಲ. ಈಗ ಅದೇ ಹುಣ್ಣಾಗಿದೆ. ಈರುಳ್ಳಿ ಹೆಚ್ಚಿದ್ರೆ ಇವರಿಗೆ ಕಣ್ಣಲ್ಲಿ ನೀರು ಬರತ್ತಾ?"

ಇಲ್ಲವೆಂದು ತಲೆಯಾಡಿಸಿದೆ. ಡಾಕ್ಟರ್ ರೆಪ್ಪೆ ಮಗುಚಿ ನೋಡಿ, ಒಳಗೆ ಬೂದಿಯಂಥ ಸಣ್ಣ ಪುಡಿ ಸಿಕ್ಕಿದೆ ಎಂದರು. ವಿಭೂತಿ. ಗೀರಿದ್ದು ಅದೋ, ಈರುಳ್ಳಿ ಸಿಪ್ಪೆಯೋ, ಸೆರಗಿನ ಜರಿಯೋ ಹೇಳಲಾಗದು ಎಂದರು. "ತುಂಬಾ ಹೊತ್ತು ಕಣ್ಣು ತೆರೆದೇ ಇಟ್ಕೊಳ್ಳೋ ಅಭ್ಯಾಸ ಏನಾದ್ರೂ ಇದ್ಯಾ? ಟಿವಿ, ಮೊಬೈಲು?"

ಹೇಳಬೇಕಾಯಿತು. ಲಿಂಗಪೂಜೆ, ರೆಪ್ಪೆ ಬಡಿಯದ ನೋಟ, ಎಲ್ಲ ಹೇಳಿದೆ. ಎಷ್ಟು ಹೊತ್ತು ಎಂದು ಕೇಳಿದಾಗ ದನಿ ಸಣ್ಣದಾಯಿತು. ಡಾಕ್ಟರ್ ಒಳ್ಳೆಯವರು, ಮುಖದಲ್ಲಿ ಏನೂ ತೋರಿಸಲಿಲ್ಲ. "ಪೂಜೆಯಿಂದ ಕಾಯಿಲೆ ಬಂದಿಲ್ಲ. ಬಂದಿದ್ದು ಶುಗರಿಂದ. ಆದ್ರೆ ನಮಗೆಲ್ಲ ಉರಿ ಬಂದು ರೆಪ್ಪೆ ಮುಚ್ಚಿಸತ್ತಲ್ಲ, ಇವರಿಗೆ ಮುಚ್ಚಿಸೋರು ಯಾರೂ ಇಲ್ಲ. ಮೊದಲೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ."

ಇದೆಲ್ಲ ಅತ್ತೆಯ ಎದುರಿಗೇ ನಡೆದ ಮಾತು. ಅವರ ಕಿವಿ ಚುರುಕಾಗಿದೆ.

ವಾಪಸು ಬರುವಾಗ ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆ ನನ್ನ ಕಡೆ ತಿರುಗದೆ ಅಂದರು, "ಹಂಗಾದ್ರೆ ಅದು ನಂದಲ್ಲ ಅಂತಾಯ್ತು."

"ಯಾವುದು ಅತ್ತೆ?" ಗೊತ್ತಿದ್ದೂ ಕೇಳಿದೆ.

"ನೋಟ ನಿಂತಿದ್ದು."

ಏನಾದರೂ ಹೇಳಬಹುದಿತ್ತು. ಭಕ್ತಿ ಬೇರೆ, ನರ ಬೇರೆ ಅತ್ತೆ ಎನ್ನಬಹುದಿತ್ತು. ಸಿಗ್ನಲ್ ಬಿಟ್ಟ ಮೇಲೆ ಅವರೇ ಹೇಳಿದರು, "ಆ ಹೆಂಗಸ್ರಿಗೆ ಹೇಳ್ಬೇಡ ಕಣೆ. ಕಾಲು ಮುಟ್ಟಿದ್ರು ಅವ್ರು." ನಾನು ಅವರ ಕೈ ಹಿಡಿದು ಆಣೆ ಮಾಡಿದೆ. ಮಾಡುವಾಗ ನನಗೊಂದು ನೆಮ್ಮದಿಯೂ ಆಯಿತು. ಹೇಳದಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು, ಡಂಗುರ ಸಾರಿದವಳು ನಾನೇ ತಾನೆ.

ಗಂಟೆಗೊಮ್ಮೆ ಹನಿ, ಮಲಗುವಾಗ ಮುಲಾಮು. ಹುಣ್ಣು ಮಾಯಲು ತಡ ಮಾಡಿದ್ದರಿಂದ ಎಡಗಣ್ಣಿನ ಹೊರಗಿನ ಮೂಲೆಯಲ್ಲಿ ಮೇಲಿನ ಕೆಳಗಿನ ರೆಪ್ಪೆಗಳನ್ನು, ಕಣ್ಣು ಒಣಗದಿರಲೆಂದು, ಸೇರಿಸಿ ಹೊಲಿಗೆ ಹಾಕಿದರು. ಹುಣ್ಣೇನೋ ಮಾಯಿತು, ಕಲೆ ಉಳಿಯಿತು. ಆ ಕಣ್ಣಿಗೆ ಈಗ ಬೆಳಕು ಮತ್ತು ಆಕಾರ ಕಾಣುತ್ತವೆ, ಮುಖ ಕಾಣುವುದಿಲ್ಲ. ಬಲಗಣ್ಣಿನ ನರಗಳೂ ಅಷ್ಟಕ್ಕಷ್ಟೇ, ಅದನ್ನಾದರೂ ಕಾಪಾಡಿಕೊಳ್ಳಿ ಎಂದಿದ್ದಾರೆ.

ಅತ್ತೆ ಪೂಜೆ ಬಿಡಲಿಲ್ಲ. ಆದರೆ ನಾನು ಪಕ್ಕದಲ್ಲೇ ಕೂರಬೇಕು. ರೆಪ್ಪೆ ಬಡಿಯಬೇಕೆಂದು ಅವರ ಕಣ್ಣು ಅವರಿಗೆ ಹೇಳುವುದಿಲ್ಲ, ನಾನು ಹೇಳಬೇಕು. ಅವರು ನೋಟ ನೆಡುತ್ತಾರೆ, ನಾನು "ಅತ್ತೆ, ರೆಪ್ಪೆ" ಎನ್ನುತ್ತೇನೆ. ಅವರು ಬಡಿಯುತ್ತಾರೆ. ಮತ್ತೆ ನೆಡುತ್ತಾರೆ, ಮತ್ತೆ "ರೆಪ್ಪೆ" ಎನ್ನುತ್ತೇನೆ. ಅವರು ಎದುರಾಡುವುದಿಲ್ಲ. ಬೈದರೆ ನನಗೆ ಸುಲಭವಾಗುತ್ತಿತ್ತು. ಕುಕ್ಕರ್ ಎಷ್ಟಾದರೂ ಕೂಗಲಿ, ಈಗ ನಾನು ಏಳುವುದಿಲ್ಲ. ಈರುಳ್ಳಿಯನ್ನೂ ನಾನೇ ಹೆಚ್ಚುತ್ತೇನೆ. ಕಣ್ಣು ಧಾರಾಳವಾಗಿ ಉರಿಯುತ್ತದೆ, ಉರಿಯಲಿ ಎಂದು ಒರೆಸಿಕೊಳ್ಳದೆ ಕೂರುತ್ತೇನೆ. ಅದರಿಂದ ಅತ್ತೆಗೆ ಯಾವ ಪ್ರಯೋಜನವೂ ಇಲ್ಲ ಎಂಬುದು ನನಗೂ ಗೊತ್ತಿದೆ.

ಸೋಮವಾರದ ಹೆಂಗಸರಿಗೆ ಪೊರೆಯ ಆಪರೇಷನ್ ಆಯಿತು ಎಂದು ಹೇಳಿದ್ದೆ. ಈ ವಯಸ್ಸಿನಲ್ಲಿ ಯಾರಿಗೆ ಪೊರೆ ಬರುವುದಿಲ್ಲ, ಎಲ್ಲರೂ ನಂಬಿದರು. ಸೋಮವಾರದ ಪೂಜೆ ಬೇರೆ ಮನೆಗೆ ಹೋಯಿತು. ಅಲ್ಲಿಯೂ ಅತ್ತೆಯ ಮಾತು ಆಗಾಗ ಬರುತ್ತಿತ್ತಂತೆ, ಅಂಥವರನ್ನು ಈ ಕಾಲದಲ್ಲಿ ಎಲ್ಲಿ ನೋಡುತ್ತೀರಿ ಎಂದು.

ಮೊನ್ನೆ ಹುಬ್ಬಳ್ಳಿ ಕಡೆಯ ಆ ಹೆಂಗಸು ಅತ್ತೆಯನ್ನು ನೋಡಲು ಬಂದರು. ಸೀಬೆಹಣ್ಣು, ಒಂದು ಕಟ್ಟು ಬಿಲ್ವಪತ್ರೆ ತಂದಿದ್ದರು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಆ ಮಾತು ಈ ಮಾತು ಆಡಿದ ಮೇಲೆ ಬಂದವರು ತಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, ಗುಟ್ಟು ಹೇಳುವವರಂತೆ ಬಾಗಿದರು.

"ಅಮ್ಮಾರ, ಯಾರಿಗೂ ಹೇಳಿಲ್ರಿ, ನಿಮಗ ಮೊದಲ ಹೇಳಾಕತ್ತೇನಿ. ಈಗೀಗ ನಂದೂ ನೋಟ ನಿಲ್ಲಾಕತ್ತೈತ್ರಿ. ಮೊದಲೆಲ್ಲ ಹೆಂಗ ಉರೀತಿತ್ತು, ಈಗ ಏನೂ ಇಲ್ಲ. ಕಣ್ಣಾಗ ಹನಿ ನೀರೂ ಬರಂಗಿಲ್ಲ. ನಿಮ್ಮನ್ನ ನೋಡಿ ನೋಡಿ ಬಂತು ಅಂತ ಅನಸ್ತೈತ್ರಿ. ನಿಮ್ಮ ಪುಣ್ಯಾರೀ ಇದು."

ಅವರ ಮುಖ ಅರಳಿತ್ತು. ನಾನು ಸೀಬೆಹಣ್ಣು ಹೆಚ್ಚುತ್ತಿದ್ದೆ. ಕೈ ನಿಂತಿತು. ಅತ್ತೆಯ ಕಡೆ ನೋಡಿದೆ. ಕಪ್ಪು ಕನ್ನಡಕದ ಹಿಂದೆ ಏನೂ ಕಾಣಲಿಲ್ಲ. ಆಣೆ ಮಾಡಿದ್ದೇನೆ ಎಂದುಕೊಂಡೆ. ಅತ್ತೆಯ ಎದುರಿಗೆ ಹೇಗೆ ಹೇಳುವುದು ಎಂದುಕೊಂಡೆ. ಆಮೇಲೆ ಫೋನ್ ಮಾಡಿ ಹೇಗಾದರೂ ಸೂಚನೆ ಕೊಟ್ಟರಾಯಿತು ಎಂದುಕೊಂಡೆ. ತಟ್ಟೆಯನ್ನು ಅವರ ಮುಂದಿಟ್ಟು, "ತಗೊಳ್ಳಿ, ಉಪ್ಪು ಖಾರ ಹಾಕಿದೀನಿ" ಎಂದೆ. ನನ್ನ ಬಾಯಿಂದ ಬಂದ ಮಾತು ಅಷ್ಟೇ.

ಅತ್ತೆ ಕನ್ನಡಕ ತೆಗೆದರು.

"ಬಾ ಇಲ್ಲಿ, ಬಗ್ಗಿ ನೋಡು. ಪೊರೆ ಅಂತ ಹೇಳಿದ್ವಲ್ಲ, ಸುಳ್ಳದು. ನಾನೇ ಹೇಳಿಸಿದ್ದು, ನಾಚಿಕೆಗೆ. ನೋಡು, ರೆಪ್ಪೆ ಹೊಲಿದವ್ರೆ. ಈ ಕಣ್ಣಲ್ಲಿ ನೀನು ಬರೀ ನೆರಳು ನಂಗೆ. ನಂದು ಧ್ಯಾನ ಅಲ್ಲ ಕಣಮ್ಮ. ಸಕ್ಕರೆ. ಕಣ್ಣಿನ ನರ ಸತ್ತಿತ್ತು, ಅದಕ್ಕೇ ಉರೀಲಿಲ್ಲ. ನಿಂಗೂ ಉರೀತಿಲ್ಲ ಅಂದ್ರೆ ಖುಷಿ ಪಡ್ಬೇಡ. ಮನೆಗೆ ಹೋಗ್ಬೇಡ. ಈಗ್ಲೇ ಡಾಕ್ಟರ ಹತ್ರ ನಡಿ."

ಆ ಹೆಂಗಸು ಅತ್ತೆಯ ಹೊಲಿದ ಕಣ್ಣನ್ನೇ ನೋಡುತ್ತ ಕೂತರು. ಕೈ ತಾನಾಗಿ ತಮ್ಮದೇ ಕಣ್ಣಿಗೆ ಹೋಯಿತು. ಅರಳಿದ್ದ ಮುಖ ಇಳಿದುಹೋಗಿತ್ತು. ಅಷ್ಟು ದಿನ ಬಚ್ಚಿಟ್ಟದ್ದನ್ನು ಅತ್ತೆ ಒಂದೇ ಉಸಿರಿಗೆ ಬಿಟ್ಟುಕೊಟ್ಟಿದ್ದರು. ಕನ್ನಡಕ ಮತ್ತೆ ಹಾಕಿಕೊಳ್ಳಲಿಲ್ಲ, ನನ್ನ ಕಡೆ ತಿರುಗಿ, "ಏನ್ ನಿಂತ್ಕೊಂಡಿದೀಯ? ಆಟೋ ಕರಿ" ಎಂದರು.

ಆಟೋ ಕರೆದೆ, ಜೊತೆಗೆ ಹೋದೆ. ಅದೇ ಡಾಕ್ಟರ್ ಅದೇ ಹತ್ತಿಯ ಎಳೆ ತಾಗಿಸಿದಾಗ ಆ ಹೆಂಗಸಿನ ರೆಪ್ಪೆ ತಡವಾಗಿ, ಒಲ್ಲದ ಮನಸ್ಸಿನಿಂದ ಎಂಬಂತೆ ಅಲುಗಿತು. ಹುಣ್ಣಾಗಿಲ್ಲ, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರು ಡಾಕ್ಟರ್. ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಕರಕೊಂಡು ಬಂದಿದ್ದಕ್ಕ ಉಳೀತ್ರಿ ಅಕ್ಕಾರ" ಎಂದು ಅತ್ತರು. ಹಣ್ಣಿನ ತಟ್ಟೆ ಮುಂದಿಟ್ಟು ಸುಮ್ಮನಿದ್ದವಳು ನಾನೇ ಎಂದು ಆಗಲೂ ಬಾಯಿ ಬಿಡಲಿಲ್ಲ.

ಅತ್ತೆ ಅಂದು ಮಾತಾಡದಿದ್ದರೆ ನಾನು ಹಣ್ಣಿನ ತಟ್ಟೆ ಎತ್ತಿಟ್ಟು, ಆ ಹೆಂಗಸನ್ನು ಗೇಟಿನವರೆಗೆ ಬಿಟ್ಟು, ಮುಂದಿನ ವಾರ ಬನ್ನಿ ಎಂದು ಹೇಳಿ ಒಳಗೆ ಬರುತ್ತಿದ್ದೆ. ಫೋನ್ ಮಾಡುತ್ತಿರಲಿಲ್ಲ. ಅದು ನನಗೆ ಗೊತ್ತು. ನಾನು ಹೇಳಲಿ ಎಂದು ಒಂದು ಗಳಿಗೆ ಸುಮ್ಮನೆ ಕಾದು, ಆಮೇಲೆ ಕನ್ನಡಕ ತೆಗೆದ ಅತ್ತೆಗೂ ಗೊತ್ತು.